ನಿಷಾದದಲ್ಲಿ ನಿಂತ ಹೊತ್ತು

ನಮಸ್ಕಾರ. ಬೆಂಗಳೂರಿನ ರಾಮನವಮಿ ಸಂಗೀತ ಕಛೇರಿಗಳಿಗೆ ನೀವೂ ಹೋಗಿರಬಹುದು. ನಾನು ಹೇಳುತ್ತಿರುವುದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ್ದು. ಅದನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಬೇಸಿಗೆಯ ಸೆಕೆ, ಹೊರಗೆ ಬಸ್ಸಿನ ಹಾರನ್ನು. ಮನೆಯಲ್ಲೇ ಫ್ಯಾನಿನ ಕೆಳಗೆ ಕೂತು ರೇಡಿಯೋದಲ್ಲಿ ಕೇಳಬಹುದಲ್ಲ? (ಈ ಪ್ರಶ್ನೆಯನ್ನೂ ರೇಡಿಯೋದಲ್ಲೇ ಕೇಳುತ್ತಿದ್ದೇನೆ ನೋಡಿ.) ಆದರೂ ಹೋಗುತ್ತೇವೆ.

ಅಲ್ಲಿ ನಾನು ಆಗಾಗ ವೇದಿಕೆ ಬಿಟ್ಟು ಜನರನ್ನೇ ನೋಡುತ್ತಿರುತ್ತೇನೆ. ಆಲಾಪನೆ, ಅಂದರೆ ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ಬಿಡಿಸಿ ಹಾಡುವುದು, ಶುರುವಾಗಿ ಅರ್ಧ ನಿಮಿಷ ಆಗಿರುವುದಿಲ್ಲ, ಹಿಂದಿನ ಸಾಲಿನಲ್ಲಿ ಪಿಸುಮಾತು. 'ದರ್ಬಾರ್ ಅಲ್ವಾ?' 'ಇಲ್ಲ ಕಣೋ, ನಾಯಕಿ.' ರಾಗದ ಹೆಸರು ಸಿಗುವ ತನಕ ಹುಬ್ಬು ಗಂಟಿಕ್ಕಿರುತ್ತದೆ, ಸಿಕ್ಕಮೇಲೆ ಭುಜ ಇಳಿಯುತ್ತದೆ. ನನಗಂತೂ ಹೆಸರು ಹುಡುಕುವುದರಲ್ಲೇ ಎಷ್ಟೋ ಒಳ್ಳೆಯ ಆಲಾಪನೆ ಕಳೆದುಹೋಗಿದೆ.

ಕಲ್ಯಾಣಿ ರಾಗ ಆದರೆ ಆ ತಲೆನೋವಿಲ್ಲ, ಎಲ್ಲರಿಗೂ ಗೊತ್ತು. ಗಾಯಕರು ಮೇಲೇರುತ್ತಾ ಹೋಗಿ ತಾರಷಡ್ಜದ, ಅಂದರೆ ಮೇಲಿನ 'ಸ'ದ, ಹೊಸ್ತಿಲಲ್ಲಿ, ಅದರ ಕೆಳಗಿನ 'ನಿ' ಆದ ನಿಷಾದದಲ್ಲಿ, ನಿಂತುಬಿಡುತ್ತಾರೆ. ಮತ್ತೆ ಇಳಿಯುತ್ತಾರೆ, ಮತ್ತೆ ಅಲ್ಲಿಗೇ ಬರುತ್ತಾರೆ, ಷಡ್ಜ ಮಾತ್ರ ಕೊಡುವುದಿಲ್ಲ. ಬೀಸಣಿಗೆ ಬೀಸುತ್ತಿದ್ದ ಕೈ ಹಾಗೇ ನಿಲ್ಲುತ್ತದೆ. ಕೊನೆಗೆ ಷಡ್ಜ ಬಂದಾಗ ಆಹಾ, ಭೇಷ್! ಮೈ ಜುಮ್ಮೆನ್ನುತ್ತದೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸಂಗೀತ ಕೇಳಿ ಮೈ ಜುಮ್ಮೆಂದಾಗ ಮಿದುಳಿನಲ್ಲಿ ಡೋಪಮೈನ್ ಎಂಬ, ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುತ್ತದೆ, ಸರಿ, ಆದರೆ ಅದಕ್ಕೆ ತುಸು ಮುಂಚೆ, ಬರೀ ಕಾಯುತ್ತಿರುವಾಗಲೂ, ಮಿದುಳಿನ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಗುತ್ತದಂತೆ. ಕಾಯುವುದೇ ಅರ್ಧ ಸುಖ! ಅವರು ಕೇಳಿಸಿದ್ದು ರೆಕಾರ್ಡಿಂಗು, ಮುಂದೇನು ಬರುತ್ತದೆಂದು ಕೇಳುವವರಿಗೆ ಮೊದಲೇ ಗೊತ್ತು. ಪೆಂಡಾಲಿನಲ್ಲಿ ಹಾಗಲ್ಲ, ಷಡ್ಜ ಯಾವಾಗ ಎಂದು ಎಷ್ಟೋ ಸಲ ಹಾಡುವವರೇ ಇನ್ನೂ ತೀರ್ಮಾನಿಸಿರುವುದಿಲ್ಲ, ನಾವು ತಲೆದೂಗಿದರೆ ಇನ್ನೊಂದು ಸುತ್ತು ಕಾಯಿಸುತ್ತಾರೆ.

ಆಮೇಲೆ ತನಿ ಆವರ್ತನ, ಅಂದರೆ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಹೊತ್ತು. ಕೆಲವರು ಕಾಫಿಗೆ ಏಳುತ್ತಾರೆ. ಮೃದಂಗದವರಿಗೆ ಅದು ಕಾಣದೇ ಇರುತ್ತದೆಯೇ? ಕೂತವರ ಕೈ ಮಾತ್ರ ತೊಡೆಯ ಮೇಲೆ ಆದಿತಾಳ ಹಾಕುತ್ತಿರುತ್ತದೆ: ಒಂದು ತಟ್ಟು, ಮೂರು ಬೆರಳೆಣಿಕೆ, ಎರಡು ಸಲ ತಟ್ಟಿ ತಿರುವುದು, ಒಟ್ಟು ಎಂಟು. ಹೋದ ಸಲ ನಡುವೆ ಎಲ್ಲೋ ನನ್ನ ಎಣಿಕೆ ತಪ್ಪಿತು. ಸುಮ್ನೆ ಪಕ್ಕದ ಅಜ್ಜಿಯ ಬೆರಳು ನೋಡಿಕೊಂಡು ಸೇರಿಕೊಂಡೆ. ಕಣ್ಣು ಮುಚ್ಚಿ ಕೂತಿದ್ದ ಅವರದ್ದು ಕೋರ್ವೆ, ಅಂದರೆ ತನಿಯ ಕೊನೆಯ ಲೆಕ್ಕಾಚಾರದ ನುಡಿಕೆ, ಮುಗಿಯುವವರೆಗೂ ಒಂದು ಎಣಿಕೆ ಆಚೀಚೆ ಆಗಲಿಲ್ಲ.