ಅವ್ವ ಬಂದಳು, ಕೆಲಸವೂ ನಡೆಯಿತು

ನಮಸ್ಕಾರ ಎಲ್ಲರಿಗೂ. ಇವತ್ತಿನ ವ್ಲಾಗ್ ಸ್ವಲ್ಪ ಉದ್ದ ಇದೆ, ನಿಧಾನವಾಗಿ ನೋಡಿ. ಇದರಲ್ಲಿ ನಮ್ಮ ಅವ್ವ ಇದ್ದಾಳೆ. ಅಣ್ಣ, ವೈನಿ, ಅವರ ಮಕ್ಕಳಿಬ್ಬರೂ ಇದ್ದಾರೆ. ಗದಗ ಕಡೆಯ ನನ್ನ ತವರಿನಿಂದ ಚಿಕ್ಕಮಗಳೂರಿನ ನಮ್ಮ ಮನೆಗೆ ಎಲ್ಲರೂ ಒಟ್ಟಿಗೆ ಬಂದದ್ದು ಇದೇ ಮೊದಲು.

ಇಷ್ಟು ವರ್ಷ ಯಾಕೆ ಬಂದಿರಲಿಲ್ಲ ಅಂತ ನೀವು ಕೇಳಬಹುದು. ಜಗಳ, ಮನಸ್ತಾಪ ಏನೂ ಇಲ್ಲ. ಅವರಿಗೆ ಬಿಡುವಾದಾಗ ನಮಗಿಲ್ಲ, ನಮಗೆ ಬಿಡುವಾದಾಗ ಅವರಿಗಿಲ್ಲ, ಅಷ್ಟೇ. ಅವರದು ಮಳೆ ನಂಬಿದ ಎರೆ ಹೊಲ. ಜೂನ್ ಬಂತೆಂದರೆ ಹೆಸರು, ಶೇಂಗಾ ಬಿತ್ತಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳ, ಕಡಲೆ. ಫೆಬ್ರವರಿ ಹೊತ್ತಿಗೆ ಸುಗ್ಗಿ. ಇತ್ತ ನಾನು ಲೆಕ್ಕ ಬರೆಯುವುದು ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ತೋಟದಿಂದ ಬಂದ ಒಣ ಕಾಫಿಯ ಹೊದಿಕೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ. ಇಲ್ಲಿ ನವೆಂಬರ್‌ನಿಂದ ಅರೇಬಿಕಾ ಜಾತಿಯ ಕಾಫಿ ಕೊಯ್ಲು, ಅದು ಮುಗಿಯುತ್ತಾ ಬಂದಂತೆ ರೊಬಸ್ಟಾ ಜಾತಿಯದು. ಡಿಸೆಂಬರ್ ಶುರುವಾದ ಮೇಲೆ ತೋಟಗಳಿಂದ ಮೂಟೆಗಳು ಬರುತ್ತಲೇ ಇರುತ್ತವೆ. ಮಳೆಗಾಲದಲ್ಲಿ ನಮಗೆ ಉಸಿರು ಬಿಡೋಕೆ ಪುರಸೊತ್ತು ಸಿಗುತ್ತೆ. ಆಗ ಅವರು ಹೊಲ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಅಣ್ಣ ಫೋನ್ ಮಾಡಿದ. "ಜೋಳ ಇನ್ನೂ ಹಸಿ ಐತಿ. ಕೊಯ್ಯಾಕ ಟೈಮ್ ಐತಿ. ಈಗ ಬಂದ್ರ ಬಂದ್ವಿ, ಇಲ್ಲಾಂದ್ರ ಮತ್ತ ಮುಂದಿನ ವರ್ಷದ ಮಾತು" ಅಂದ. ನನಗೆ ಖುಷಿಯೂ ಆಯಿತು, ಎದೆ ಡವಡವ ಅಂತಲೂ ಅಂದಿತು. ಸೀಸನ್ ಜೋರಾಗಿದೆ, ಮಗಳಿಗೆ ಎಸ್ಸೆಸ್ಸೆಲ್ಸಿ. "ಅಣ್ಣಾ, ನನಗ ರಜಾ ಸಿಗೂದಿಲ್ಲೋ" ಅಂದೆ. ಅವ್ವ ಅವನ ಕೈಯಿಂದ ಫೋನ್ ಇಸಕೊಂಡಳು. "ನಿನ್ನ ರಜಾ ಯಾರಿಗೆ ಬೇಕಾಗೈತಿ? ನೀ ಕೆಲಸಕ್ಕ ಹೋಗು. ನಾವು ಮನ್ಯಾಗ ಇರ್ತೀವಿ."

ಅಷ್ಟೇ ಮಾತು. ಆವತ್ತೇ ಟಿಕೆಟ್ ಆಯಿತು.

ಈಗ ನೋಡ್ತಿದ್ದೀರಲ್ಲ, ಇದು ಕಡೂರು ಸ್ಟೇಷನ್. ಬೆಳಗಿನ ಜಾವ, ಅದಕ್ಕೇ ಇಷ್ಟು ಕತ್ತಲೆ. ಹುಬ್ಬಳ್ಳಿ ಕಡೆಯಿಂದ ರಾತ್ರಿ ರೈಲಿಗೆ ಬಂದರೆ ಚಿಕ್ಕಮಗಳೂರಿಗೆ ಇಳಿಯೋಕೆ ಇದೇ ಅನುಕೂಲ. ಅಲ್ಲಿ ಬೋಗಿಯ ಬಾಗಿಲಲ್ಲಿ ಮೊದಲು ಕಾಣುತ್ತಿರುವುದು ಗಂಟುಗಳು. ಅದರ ಹಿಂದೆ ಅವ್ವ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಚೀಲದ ತುಂಬಾ ಜೋಳದ ಎಳೇ ತೆನೆ. ಯಜಮಾನರು ಚೀಲ ತಗೊಳ್ಳೋಕೆ ಹೋದರೆ ಬಿಡಲೇ ಇಲ್ಲ. "ಅಳಿಯಂದ್ರ ಕೈಯಾಗ ಗಂಟ ಹೊರಸ್ತಾರೇನ್ರೀ?" ಅಂತ.

ಕಡೂರಿನಿಂದ ನಮ್ಮ ಊರಿಗೆ 40 ಕಿಲೋಮೀಟರ್. ಸಖರಾಯಪಟ್ಟಣ ದಾಟುವಾಗ ಬೆಳಕು ಹರಿಯಿತು. ಎದುರಿಗೆ ಚಂದ್ರದ್ರೋಣ ಪರ್ವತದ ಸಾಲು. ಅವ್ವ ಕಿಟಕಿಗೆ ಹಣೆ ಒತ್ತಿಕೊಂಡು ಕೇಳಿದಳು, "ಅದು ಮೋಡ ಐತೋ, ಗುಡ್ಡ ಐತೋ?" ಗುಡ್ಡ ಅಂದೆ. ಕಣ್ಣು ಹಾಯಿಸಿದಷ್ಟು ದೂರ ಸಪಾಟು ನೆಲ ನೋಡುತ್ತಾ ಬಾಳಿದವಳು ಅವಳು. ಮನೆ ಬರುವವರೆಗೂ ಅತ್ತಲೇ ನೋಡುತ್ತಿದ್ದಳು.

ಆಮೇಲೆ ನಮ್ಮ ಮಾಮೂಲಿ ದಿನಗಳು. ಸೋಮವಾರವೇ ನಾನು ಕೆಲಸಕ್ಕೆ ಹೋದೆ. ನನ್ನ ಬೆಳಗು ಹೇಗಿರುತ್ತೆ ಅಂತ ಈ ಚಾನೆಲ್ ನೋಡುವವರಿಗೆ ಗೊತ್ತು. ನಲ್ಲಿಯಲ್ಲಿ ನೀರು ಬರುವ ಹೊತ್ತು, ತಿಂಡಿ, ಮೂರು ಡಬ್ಬಿ, ಅತ್ತೆಯ ಶುಗರ್ ಮಾತ್ರೆ, ಮಗಳನ್ನು ಏಳಿಸೋದು. ಆವತ್ತು ಎದ್ದು ಬಂದರೆ ವೈನಿ ಆಗಲೇ ನೀರು ತುಂಬಿಸಿಟ್ಟಿದ್ದಾರೆ. ಅಣ್ಣ ಹಾಲು ತಂದಿದ್ದಾನೆ. ನಮ್ಮತ್ತೆ ಕೊಟ್ಟ ಫಿಲ್ಟರ್ ಕಾಫಿಯನ್ನು ಅವ್ವ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಿದ್ದಾಳೆ. ನಾನು ಸುಮ್ನೆ ನಿಂತು ನೋಡಿದೆ. ಬೆಳಗ್ಗೆ ಹೊತ್ತು ಅಡುಗೆಮನೆಯಲ್ಲಿ ಸುಮ್ನೆ ನಿಂತು ಎಷ್ಟು ಕಾಲವಾಗಿತ್ತೋ!

ಸಂಜೆಯದು ಇನ್ನೂ ಚೆಂದ. ದಿನಾ ನಾನು ಬಸ್ ಇಳಿದು ಬರುವಾಗ ರಾತ್ರಿಯ ಅಡುಗೆ ಏನು ಅನ್ನೋ ಯೋಚನೆ ತಲೆಯಲ್ಲಿರುತ್ತೆ. ಆ ವಾರ ಗೇಟ್ ಹತ್ತಿರ ಬಂದಾಗಲೇ ಜಗಲಿಯಿಂದ ಮಾತು, ನಗು. ಚಪ್ಪಲಿ ಬಿಡುವಷ್ಟರಲ್ಲಿ ಅವ್ವನ ಪ್ರಶ್ನೆ, "ಮಧ್ಯಾಹ್ನ ಉಂಡಿಯೇನವ್ವಾ?" ಡಬ್ಬಿ ಕಟ್ಟಿಕೊಟ್ಟವಳು ಅವಳೇ. ಆದರೂ ಕೇಳಬೇಕು. ನನಗೂ ಹೇಳಬೇಕು. ರಜೆ ಹಾಕಿ ಇಡೀ ದಿನ ಮನೆಯಲ್ಲೇ ಇದ್ದಿದ್ದರೆ ಈ ಸುಖ ಸಿಗುತ್ತಿತ್ತಾ? ನನಗೇನೋ ಅನುಮಾನ. ದಣಿದು ಬಂದು ಬಾಗಿಲಲ್ಲಿ ಅವ್ವನ ಮುಖ ನೋಡೋದಿದೆಯಲ್ಲ, ಅದಕ್ಕೆ ಮೊದಲು ದಣಿದಿರಬೇಕು.

ಇನ್ನು ಈ ಕ್ಲಿಪ್. ಇದನ್ನು ನಾನು ಕಟ್ ಮಾಡಲೇ ಇಲ್ಲ, ಪೂರ್ತಿ ಬಿಟ್ಟಿದ್ದೇನೆ. ನಮ್ಮ ಅವ್ವ ಮತ್ತು ನಮ್ಮತ್ತೆ, ಇಬ್ಬರು ಬೀಗಿತ್ತಿಯರು, ಒಂದೇ ಅಡುಗೆಮನೆಯಲ್ಲಿ. ಅತ್ತೆ ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸಿದರು. ಅವ್ವ ಪರಾತದಲ್ಲಿ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದಳು. ಇಬ್ಬರೂ ಕೈ ಸುಡುತ್ತಿದ್ದರೂ ನಾದುವುದನ್ನು ನಿಲ್ಲಿಸಲಿಲ್ಲ. ಅತ್ತೆ ಲಟ್ಟಿಸಿದರೆ ಅವ್ವ ಬಡಿದಳು. ಅವ್ವನ ಅಂಗೈ ನೋಡಿ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚನ್ನು ತಿರುಗಿಸುತ್ತಾ ಹೋಗುತ್ತದೆ. ರೊಟ್ಟಿ ತನ್ನಷ್ಟಕ್ಕೆ ದುಂಡಗೆ ದೊಡ್ಡದಾಗುತ್ತದೆ. ಹೆಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಅತ್ತೆ ಬಗ್ಗಿ ನೋಡಿ, "ನಮಗಿದು ಜನ್ಮದಲ್ಲಿ ಬರಲ್ಲ ಬಿಡಿ" ಅಂದರು. ಅವ್ವ ಅವರ ಕೈ ಹಿಡಿದು ಕೂರಿಸಿಕೊಂಡಳು. ಅತ್ತೆಯ ಮೊದಲ ಜೋಳದ ರೊಟ್ಟಿ ಬಿರುಕು ಬಿಟ್ಟಿತ್ತು. ಅದನ್ನು ಅವ್ವ ತಾನೇ ತಿಂದಳು, ಕಾಯಿ ಚಟ್ನಿ ಹಚ್ಚಿಕೊಂಡು.

ಎಳೇ ತೆನೆ ತಂದಿದ್ದಳಲ್ಲ, ಅದನ್ನು ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟೆವು. ನಮ್ಮಲ್ಲಿ ನೀರು ಕಾಯಿಸುವುದು ಇನ್ನೂ ಕಾಫಿ ಕಟ್ಟಿಗೆಯಲ್ಲೇ. ಸುಟ್ಟ ತೆನೆಯನ್ನು ಬಿಸಿ ಇರುವಾಗಲೇ ಉಜ್ಜಿದರೆ ಹಸಿರು ಕಾಳು ಉದುರುತ್ತೆ. ಅದೇ ಸೀತನಿ. ಜೊತೆಗೆ ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ. ಮಲೆನಾಡಿನಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಬಾಯಿ ಮಸಿ ಮಾಡಿಕೊಂಡು ತಿನ್ನುತ್ತಿರುವುದು ನೋಡಿ. ಗಣಿತದ ಪುಸ್ತಕ ಪಕ್ಕದಲ್ಲೇ ಇದೆ, ಟೀಚರ್ ನೋಡ್ತಿದ್ದರೆ ದಯವಿಟ್ಟು ಗಮನಿಸಿ.

ಶನಿವಾರ ಅವ್ವ ಒಂದೇ ಹಟ. "ನೀ ದಿನಾ ಎಲ್ಲಿಗೆ ಹೋಗ್ತಿ, ನಾ ನೋಡಬೇಕು." ಅವಳಿಗೆ ನನ್ನ ಕೆಲಸ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಲೆಕ್ಕ ಬರೀತಾಳೆ ಅಂತ ಮಾತ್ರ ಗೊತ್ತು. ಕೇಳಿ, ಒಪ್ಪಿಗೆ ತಗೊಂಡು ಮಧ್ಯಾಹ್ನ ಕರೆದುಕೊಂಡು ಹೋದೆ. ತೋಟದಿಂದ ಬರುವ ಕಾಫಿಯಲ್ಲಿ ಎರಡು ಬಗೆ ಅಂತ ತೋರಿಸಿದೆ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಅದರ ಬೀಜಕ್ಕೆ ಕಾಗದದಂಥ ಹೊದಿಕೆ ಇನ್ನೂ ಇರುತ್ತೆ. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ. ಮೆಷಿನ್‌ನಲ್ಲಿ ಆ ಹೊದಿಕೆ ಬಿಡಿಸುವುದು, ಜರಡಿಯಲ್ಲಿ ಗಾತ್ರ ನೋಡಿ ಎ, ಬಿ ಅಂತ ಬೇರೆ ಮಾಡುವುದು, ಒಂಟಿ ಬೀಜದ ಪೀಬೆರಿಯನ್ನು ಬೇರೆ ಇಡುವುದು, ಎಲ್ಲ ತೋರಿಸಿದೆ. ಅವ್ವ ಹೂಂಗುಟ್ಟಿದಳು. ಆದರೆ ಅವಳ ಕಣ್ಣೆಲ್ಲ ಹೊರಗೆ ಕಣದ ಮೇಲೆ.

ಕಣದಲ್ಲಿ ರೊಬಸ್ಟಾ ಚೆರ್ರಿ ಹರಡಿದ್ದರು. ಅವ್ವ ಚಪ್ಪಲಿ ಬಿಟ್ಟು ಹೋಗಿ ಕುಕ್ಕರುಗಾಲಲ್ಲಿ ಕೂತಳು. ಒಂದು ಹಿಡಿ ತಗೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಮ್ಮ ಹೊಲದಲ್ಲಿ ಶೇಂಗಾ ಒಣಗಿದೆಯಾ ಅಂತ ಅವಳು ನೋಡುವುದು ಹೀಗೇ. ಕಾಯಿ ಒಣಗಿದರೆ ಒಳಗಿನ ಕಾಳು ಗಲಗಲ ಅನ್ನಬೇಕು. ಕಾಫಿಯೂ ಹಾಗೇ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಡೆಯಿಂದ ಇನ್ನೊಂದು ಹಿಡಿ ತಗೊಂಡು ಅಲ್ಲಾಡಿಸಿ, "ಇದಕ್ಕ ಇನ್ನೂ ಬಿಸಲ ಬೇಕ ನೋಡಪಾ" ಅಂದಳು. ಮೇಸ್ತ್ರಿ ನಕ್ಕು, "ಹೌದಮ್ಮ, ಅದಕ್ಕೇ ಹರಡಿರೋದು" ಅಂದರು. ಆಮೇಲೆ ಅವರಿಬ್ಬರದೇ ಮಾತು. ಮಂಜು, ಬಿಸಿಲು, ಕೂಲಿ, ರೇಟು. ನನ್ನ ಟೇಬಲ್, ಕಂಪ್ಯೂಟರ್ ತೋರಿಸಿದಾಗ ಅವ್ವ ಕುರ್ಚಿಯ ಬೆನ್ನು ಒತ್ತಿ ನೋಡಿದಳು. "ಮೆತ್ತಗ ಐತಲ್ಲ, ಆತು" ಅಂದಳು. ಇಷ್ಟು ವರ್ಷ ನಾನು ಕೆಲಸ ಮಾಡಿದ ಜಾಗ ಆವತ್ತಿನಿಂದ ನನಗೆ ಇನ್ನೂ ಹತ್ತಿರವಾಗಿದೆ.

ಭಾನುವಾರ ಬೆಳವಾಡಿಗೆ ಹೋದೆವು. ಚಿಕ್ಕಮಗಳೂರಿಗೆ ಬಂದವರು ಬೆಟ್ಟ ನೋಡಿ, ಬೇಲೂರು ನೋಡಿ ಹೊರಟುಬಿಡುತ್ತಾರೆ. ಜಾವಗಲ್ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಸಿಗುವ ಈ ಊರನ್ನು ದಯವಿಟ್ಟು ಬಿಡಬೇಡಿ. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದ ಗುಡಿ. ಮೂರು ಗರ್ಭಗುಡಿ. ಒಂದರಲ್ಲಿ ವೇಣುಗೋಪಾಲ, ಒಂದರಲ್ಲಿ ಯೋಗಾನರಸಿಂಹ, ಒಳಗೆ ನಡುವೆ ವೀರನಾರಾಯಣ. ಆ ಹೆಸರು ಕೇಳಿದ ಕೂಡಲೇ ಅವ್ವ ನಿಂತುಬಿಟ್ಟಳು. ಗದುಗಿನಲ್ಲಿ ಅವಳು ಕೈ ಮುಗಿಯುವುದೂ ವೀರನಾರಾಯಣನಿಗೇ. "ನಮ್ಮ ದೇವರು ಇಲ್ಲೂ ಅದಾನ ಅಂತ ಮೊದಲ ಹೇಳಬಾರದೇನ?" ಅಂತ ನನಗೇ ಗದರಿದಳು. ಆಮೇಲೆ ಆ ನುಣುಪಾದ ಕಂಬಗಳ ನಡುವೆ ತನ್ನ ಮನೆಯಲ್ಲಿ ಓಡಾಡುವವಳ ಹಾಗೆ ಓಡಾಡಿದಳು. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಅನ್ನುವುದು ಈ ಊರಿನವರ ನಂಬಿಕೆ. ಅಣ್ಣನ ಮಗ ಮೆಟ್ಟಿಲ ಪಕ್ಕದ ಕಲ್ಲಾನೆಯ ಹತ್ತಿರ ನಿಂತು ಕೇಳಿದ, "ಅತ್ತೀ, ಭೀಮ ಒಂದ್ ಬಂಡಿ ಅನ್ನ ಒಬ್ಬನ ಉಂಡನಾ?" ಪೂರ್ತಿ ದಾರಿ ಅದೇ ಚರ್ಚೆ.

ಸೋಮವಾರ ಗಣರಾಜ್ಯೋತ್ಸವದ ರಜೆ. ಮುಳ್ಳಯ್ಯನಗಿರಿಗೆ ಗಾಡಿ ತಗೊಂಡು ಹೋಗೋಕೆ ಈಗ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ನೆನಪಿರಲಿ. 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಮಕ್ಕಳು, ಯಜಮಾನರು, ಅಣ್ಣ ಹತ್ತಿ ಬಂದರು. ಮಂಡಿನೋವಿನ ಅವ್ವ, ಅತ್ತೆ, ವೈನಿ, ನಾನು ಕೆಳಗೇ ಚುರುಮುರಿ ತಿನ್ನುತ್ತಾ ಕೂತೆವು. ಗಾಳಿ ಜಾಸ್ತಿ ಇತ್ತು, ಆಡಿಯೋ ಹಾಳಾಗಿದೆ. ಆ ಮಾತುಗಳು ನಮಗಷ್ಟೇ ಇರಲಿ.

ಮಂಗಳವಾರ ರಾತ್ರಿ ಮತ್ತೆ ಕಡೂರು. ಗಂಟುಗಳು ಹೋಗುವಾಗಲೂ ಅಷ್ಟೇ ಇದ್ದವು. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಅತ್ತೆ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ. ನಾನು ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ. ಅವ್ವ ಮಾತ್ರ ಅಳಲಿಲ್ಲ. ಅವಳಿಗೆ ಮುಂದಿನ ಲೆಕ್ಕ ಗಟ್ಟಿಯಾಗಿತ್ತು. "ಪಂಚಮಿಗೆ ನೀ ಬರಬೇಕು. ಆಗ ನಿಮ್ಮ ಕಾಫಿ ಕೆಲಸ ಇರೂದಿಲ್ಲಂತ, ಆ ಮೇಸ್ತ್ರಿನ್ನ ಕೇಳೇನಿ." ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಥರಾವರಿ ಉಂಡಿ, ಮರಕ್ಕೆ ಕಟ್ಟಿದ ಜೋಕಾಲಿ. ಮದುವೆಯಾದ ಮೇಲೆ ನಾನು ಪಂಚಮಿಗೆ ಹೋಗಿದ್ದು ತೀರಾ ಕಮ್ಮಿ.

ಈ ಸಲ ಹೋಗುತ್ತೇನೆ. ಹೆಸರುಕಾಯಿ ಬಿಡಿಸುವ ಕೆಲಸ ಇದ್ದರೆ ಹೊಲಕ್ಕೂ ಹೋಗುತ್ತೇನೆ, ಯಾರೂ ನನಗಾಗಿ ಕೆಲಸ ನಿಲ್ಲಿಸಬೇಕಿಲ್ಲ. ಮಗಳ ಪರೀಕ್ಷೆಯೂ ಅಷ್ಟು ಹೊತ್ತಿಗೆ ಮುಗಿದಿರುತ್ತೆ. ಬೀಗಿತ್ತಿಯನ್ನೂ ಕರ್ಕೊಂಡು ಬಾ ಅಂತ ಅವ್ವನ ಅಪ್ಪಣೆ. ಅತ್ತೆ ಆಗಲೇ ಹೂಂ ಅಂದಿದ್ದಾರೆ. ದಿನಾ ಒಂದು ಜೋಳದ ರೊಟ್ಟಿ ಬಡಿದು ಅಭ್ಯಾಸವನ್ನೂ ಶುರು ಮಾಡಿದ್ದಾರೆ.