ಅಳದ ಕೂಸು, ಹಿಮ್ಮಡಿಯ ಹನಿ ರಕ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಣಂತಿ ಮನೆಗೆ ಮಗು ನೋಡಲು ಹೋದಾಗ ನಾವೆಲ್ಲ ಆಡುವ ಒಂದು ಮಾತಿದೆ. ಕೂಸು ತೊಟ್ಟಿಲಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. "ಎಷ್ಟು ಒಳ್ಳೆ ಮಗು, ಅಳೋದೇ ಇಲ್ವಲ್ಲ!" ಅನ್ನುತ್ತೇವೆ. ಅಜ್ಜಿಯ ಮುಖ ಅರಳುತ್ತದೆ. "ಹೂಂ, ಹಾಲು ಕುಡಿಸೋಕೂ ನಾವೇ ಎಬ್ಬಿಸಬೇಕು" ಅನ್ನುತ್ತಾರೆ. ಮಕ್ಕಳ ಡಾಕ್ಟರಾಗಿ ಇಷ್ಟು ವರ್ಷ ಕಳೆದ ಮೇಲೆ ಆ ಎರಡನೇ ಮಾತು ಕೇಳಿದರೆ ನನ್ನ ಎದೆ ಝಲ್ ಅನ್ನುತ್ತದೆ.

ಹೆದರಬೇಡಿ. ಸುಮ್ನೆ ಮಲಗುವ ಕೂಸುಗಳಲ್ಲಿ ಹೆಚ್ಚಿನವು ಆರೋಗ್ಯವಾಗಿಯೇ ಇರುತ್ತವೆ. ಆದರೆ ಅವುಗಳ ನಡುವೆ ಎಲ್ಲೋ ಒಂದು ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರುವುದಿಲ್ಲ. ಕೆಲವರಿಗೆ ಆ ಗ್ರಂಥಿ ಬೆಳೆದೇ ಇರುವುದಿಲ್ಲ. ನಮ್ಮ ದೇಶದಲ್ಲಿ ಹಲವು ಊರುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಸುಮಾರು 1,100 ಕೂಸುಗಳಿಗೆ ಒಂದರಲ್ಲಿ ಈ ತೊಂದರೆ ಕಂಡಿತು. ಬೇರೆ ಹಲವು ದೇಶಗಳಿಗಿಂತ ಇದು ಜಾಸ್ತಿ.

ಥೈರಾಯ್ಡ್ ಹಾರ್ಮೋನ್ ಇಲ್ಲದೆ ಮೆದುಳು ಬೆಳೆಯುವುದಿಲ್ಲ. ಮೊದಲ ಎರಡು ಮೂರು ವರ್ಷ ಅದು ಬೇಕೇ ಬೇಕು. ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನ್ ಸ್ವಲ್ಪ ಮಗುವಿಗೂ ಸಿಗುತ್ತದೆ. ಹಾಗಾಗಿ ಹುಟ್ಟಿದ ದಿನ ಮಗು ಚೆನ್ನಾಗಿಯೇ ಕಾಣುತ್ತದೆ. ನನ್ನಂಥ ಡಾಕ್ಟರ್ ಎಷ್ಟು ಕಣ್ಣರಳಿಸಿ ನೋಡಿದರೂ ಗೊತ್ತಾಗುವುದಿಲ್ಲ. ಆಮೇಲೆ ಒಂದೊಂದೇ ಶುರುವಾಗುತ್ತದೆ. ಕಾಮಾಲೆ ಬೇಗ ಇಳಿಯುವುದಿಲ್ಲ. ಹಾಲು ಚೀಪುತ್ತಲೇ ಸುಸ್ತಾಗಿ ನಿದ್ದೆ ಹೋಗುತ್ತದೆ. ಮಲ ಸರಿಯಾಗಿ ಆಗುವುದಿಲ್ಲ. ಹೊಕ್ಕುಳು ಉಬ್ಬುತ್ತದೆ. ಅತ್ತರೆ ದನಿ ಒಡೆದಂತಿರುತ್ತದೆ. ಇವೆಲ್ಲ ಕೂಡಿ ಒಂದು ರೋಗದ ರೂಪ ತಾಳುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಒಂದು ವರ್ಷ ದಾಟಿದ ಮಗುವನ್ನು ಕರೆತಂದರು. ಮಗು ಇನ್ನೂ ಕೂರುತ್ತಿರಲಿಲ್ಲ. "ಇವನು ಒಂದಿನಾನೂ ತೊಂದ್ರೆ ಕೊಟ್ಟಿಲ್ಲ ಡಾಕ್ಟ್ರೇ" ಅಂದರು ಆಕೆ. ಇದೇ ಥೈರಾಯ್ಡ್ ತೊಂದರೆ. ಅವತ್ತೇ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಶುರು ಮಾಡಿದೆವು. ಮಗುವಿನ ಮೈಗೆ ಚುರುಕು ಬಂತು, ಎತ್ತರವೂ ಬೆಳೆದ. ಆದರೆ ಮೆದುಳು ಕಳೆದುಕೊಂಡ ತಿಂಗಳುಗಳನ್ನು ನಾವು ವಾಪಸ್ ಕೊಡಲಾಗಲಿಲ್ಲ. ಹುಟ್ಟಿದ ಮೂರನೇ ದಿನ ಒಂದು ಹನಿ ರಕ್ತ ನೋಡಿದ್ದರೆ ಆ ಹುಡುಗನ ಬದುಕೇ ಬೇರೆ ಇರುತ್ತಿತ್ತು. ಇಷ್ಟು ವರ್ಷವಾದರೂ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ.

ಆ ಒಂದು ಹನಿ ರಕ್ತದ ಹಿಂದೆ ಒಬ್ಬ ತಂದೆಯ ಕತೆ ಇದೆ. ಅಮೆರಿಕದ ಬಫಲೋ ಊರಿನ ರಾಬರ್ಟ್ ಗತ್ರಿ ಮೊದಲು ಕ್ಯಾನ್ಸರ್ ಸಂಶೋಧನೆಯಲ್ಲಿದ್ದರು. ಅವರ ಮಗನಿಗೆ ಬುದ್ಧಿ ಬೆಳವಣಿಗೆ ಕಡಿಮೆ ಇತ್ತು. ಮುಂದೆ ನಾದಿನಿಯ ಮಗಳಿಗೂ ಹಾಗೇ ಆಯಿತು. ಆ ಹುಡುಗಿಗಿದ್ದದ್ದು ಫಿನೈಲ್‌ಕೀಟೋನೂರಿಯಾ, ಸುಲಭವಾಗಿ ಪಿಕೆಯು ಅನ್ನೋಣ. ಊಟದಲ್ಲಿನ ಫಿನೈಲಲನೈನ್ ಎಂಬ ಅಂಶವನ್ನು ಮೈ ಅರಗಿಸಿಕೊಳ್ಳಲಾರದೆ, ಅದು ರಕ್ತದಲ್ಲಿ ತುಂಬಿಕೊಂಡು ಮೆದುಳನ್ನು ಕೆಡಿಸುವ ಕಾಯಿಲೆ. ನಾರ್ವೆಯ ವೈದ್ಯ ಫೋಲಿಂಗ್ 1934ರಲ್ಲೇ ಅದನ್ನು ಗುರುತಿಸಿದ್ದರು. 1950ರ ದಶಕದಲ್ಲಿ ಅದಕ್ಕೆ ಪಥ್ಯದ ಆಹಾರವೂ ಬಂದಿತ್ತು. ಮದ್ದು ಇತ್ತು, ಆದರೆ ರೋಗ ಗೊತ್ತಾಗುವ ಹೊತ್ತಿಗೆ ಮೆದುಳಿಗೆ ಪೆಟ್ಟು ಬಿದ್ದಿರುತ್ತಿತ್ತು. ಮೂತ್ರದ ಪರೀಕ್ಷೆಯಲ್ಲಿ ಅದು ಕಾಣಲು ಕೆಲವು ವಾರ ಬೇಕಿತ್ತು.

ಗತ್ರಿ ಮಾಡಿದ್ದು ಸರಳವಾದ ಕೆಲಸ. ಕೂಸಿನ ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ, ರಕ್ತವನ್ನು ಫಿಲ್ಟರ್ ಕಾಗದಕ್ಕೆ ಇಂಗಿಸಿ ಒಣಗಿಸಿದರು. ಅದರಿಂದ ಒಂದು ಪುಟ್ಟ ಬಿಲ್ಲೆ ಕತ್ತರಿಸಿ ಬ್ಯಾಕ್ಟೀರಿಯಾ ಇರುವ ತಟ್ಟೆಯ ಮೇಲಿಟ್ಟರು. ಆ ಬ್ಯಾಕ್ಟೀರಿಯಾ ಬೆಳೆಯದಂತೆ ತಟ್ಟೆಯಲ್ಲಿ ಒಂದು ರಾಸಾಯನಿಕ ಇತ್ತು. ರಕ್ತದಲ್ಲಿ ಫಿನೈಲಲನೈನ್ ಜಾಸ್ತಿ ಇದ್ದರೆ ಆ ತಡೆ ಮುರಿದು, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆದು ಉಂಗುರ ಕಟ್ಟುತ್ತಿತ್ತು. ನನಗೆ ತುಂಬ ಹಿಡಿಸುವುದು ಆ ಕಾಗದ. ಒಣಗಿದ ರಕ್ತವನ್ನು ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸಬಹುದು. ದೊಡ್ಡ ಪ್ರಯೋಗಾಲಯ ಊರೂರಿಗೆ ಬರಬೇಕಿಲ್ಲ, ಊರೂರಿನ ಹನಿ ಅಲ್ಲಿಗೆ ಹೋದರೆ ಸಾಕು. ಗತ್ರಿಯ ಸ್ವಂತ ಮಗನಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ, ಅವನಿಗಿದ್ದದ್ದು ಪಿಕೆಯು ಅಲ್ಲ. ಕಂಡವರ ಮಕ್ಕಳಿಗಾಗಿ ಆತ ದುಡಿದರು.

ಅದೇ ಕಾಗದದ ಮೇಲಿನ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನೂ ಅಳೆಯಬಹುದು ಎಂದು 1970ರ ದಶಕದಲ್ಲಿ ತೋರಿಸಿದವರು ಕೆನಡಾದ ಕ್ವಿಬೆಕ್‌ನ ವೈದ್ಯ ಜ್ಯಾನ್ ದುಸ್ಸೋ. ಅದಕ್ಕೆ ತುಸು ಮುಂಚೆ, 1972ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನ ವೈದ್ಯರು ಈ ಥೈರಾಯ್ಡ್ ತೊಂದರೆ ಇದ್ದ ಮಕ್ಕಳ ಲೆಕ್ಕ ಹಾಕಿದ್ದರು. ಮೂರು ತಿಂಗಳೊಳಗೆ ಮಾತ್ರೆ ಶುರುವಾದವರ ಬುದ್ಧಿಮಟ್ಟ, ಅಂದರೆ ಐಕ್ಯೂ, ಸರಾಸರಿ 89. ಆರು ತಿಂಗಳು ದಾಟಿ ಶುರುವಾದವರದ್ದು 54. ಮಾತ್ರೆ ಎರಡು ಗುಂಪಿಗೂ ಒಂದೇ. ನಡುವೆ ಕಳೆದದ್ದು ಕೆಲವು ತಿಂಗಳು ಮಾತ್ರ. ಈಗ ನಾವು ಎರಡು ವಾರದೊಳಗೆ ಶುರು ಮಾಡಲು ನೋಡುತ್ತೇವೆ. ಹಾಗೆ ಶುರುವಾದ ಹೆಚ್ಚಿನ ಮಕ್ಕಳು ಓರಗೆಯವರಂತೆಯೇ ಓದುತ್ತಾರೆ, ಆಡುತ್ತಾರೆ.

ಭಾರತದಲ್ಲಿ ಹಸುಗೂಸುಗಳ ಇಂಥ ಪರೀಕ್ಷೆ ಮೊದಲು ದೊಡ್ಡದಾಗಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಗೊತ್ತಾ? 1980ರಲ್ಲಿ ಶುರುವಾಗಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತವನ್ನು ಪರೀಕ್ಷಿಸಿದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರ ದುಡಿಮೆ ಅದು. ಅಷ್ಟು ಮುಂಚೆ ದಾರಿ ತೋರಿಸಿದ ಊರು ನಮ್ಮದು. ಆದರೂ ಈ ಪರೀಕ್ಷೆ ಇವತ್ತಿಗೂ ದೇಶದ ಎಲ್ಲ ಕೂಸುಗಳಿಗೆ ಸಿಗುತ್ತಿಲ್ಲ. ಇದು ನನಗೆ ಸಂಕಟದ ಮಾತು.

ಹೆರಿಗೆಯಾಗಿ ಮನೆಗೆ ಹೊರಡುವ ಮುಂಚೆ ಕೇಳಿ: "ಮಗುವಿಗೆ ಥೈರಾಯ್ಡ್ ಪರೀಕ್ಷೆ ಆಯ್ತಾ?" ಈ ಪರೀಕ್ಷೆಯಲ್ಲಿ ನೋಡುವುದು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಅದು ಏರಿರುತ್ತದೆ. ಅದಕ್ಕೇ ಹಿಮ್ಮಡಿ ರಕ್ತವನ್ನು ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ತೆಗೆಯುತ್ತಾರೆ. ಬೇಗ ಮನೆಗೆ ಕಳಿಸುವ ಕಡೆ ಹೊಕ್ಕುಳಬಳ್ಳಿಯ ರಕ್ತವನ್ನೇ ನೋಡುವುದೂ ಉಂಟು. ಮತ್ತೆ ಬನ್ನಿ ಎಂದು ಫೋನ್ ಬಂದರೆ ಗಾಬರಿಯಾಗಬೇಡಿ, ಇನ್ನೊಂದು ರಕ್ತ ಪರೀಕ್ಷೆ ಮಾಡಿಯೇ ಖಚಿತ ಮಾಡುವುದು. ಆದರೆ ಅವತ್ತೇ ಹೊರಡಿ.

ಇಲ್ಲೇ ಒಂದು ತೊಡಕು ಇದೆ. ನಮ್ಮಲ್ಲಿ ಬಾಣಂತನ ತವರಿನಲ್ಲಿ. ಆಸ್ಪತ್ರೆಯ ಪುಸ್ತಕದಲ್ಲಿ ಗಂಡನ ಮನೆ ವಿಳಾಸ, ಗಂಡನ ಫೋನ್ ನಂಬರ್. ಅವರು ಕೆಲಸದ ಊರಿನಲ್ಲಿ. ಕೂಸು ಮಾತ್ರ ಅಜ್ಜಿ ಮನೆಯಲ್ಲಿ. ಫಲಿತಾಂಶ ಬಂದರೂ ಸುದ್ದಿ ತಲುಪದೆ ದಿನ ಕಳೆಯುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ತಾಯಿ ಕಾರ್ಡಿನಲ್ಲೂ ಆಸ್ಪತ್ರೆಯಲ್ಲೂ ಮಗು ಇರುವ ಮನೆಯ ನಂಬರ್ ಬರೆಸಿ. ಮನೆಗೆ ಬರುವ ಆಶಾ ಅಕ್ಕನಿಗೂ ಹೇಳಿಡಿ.

ಮಾತ್ರೆಯ ಬಗ್ಗೆ ಎರಡು ಮಾತು. ದಿನಕ್ಕೆ ಒಂದು ಸಲ, ಅದೇ ಹೊತ್ತಿಗೆ. ಪುಡಿ ಮಾಡಿ, ಚಮಚದಲ್ಲಿ ಸ್ವಲ್ಪ ಎದೆಹಾಲು ಅಥವಾ ನೀರಿನಲ್ಲಿ ಕಲಸಿ ಕುಡಿಸಿ. ಬಾಟಲಿಗೆ ಹಾಕಬೇಡಿ, ಹಾಲು ಉಳಿದರೆ ಮಾತ್ರೆಯೂ ಉಳಿಯುತ್ತದೆ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಟಾನಿಕ್ ಕೊಡುವುದಿದ್ದರೆ ನಾಲ್ಕು ಗಂಟೆ ಅಂತರವಿರಲಿ. ಮಗು ಚುರುಕಾಯಿತು ಅಂತ ನಿಲ್ಲಿಸಬೇಡಿ. ಕೆಲವರಿಗೆ ಮೂರು ವರ್ಷವಾದ ಮೇಲೆ ಡಾಕ್ಟರೇ ಒಮ್ಮೆ ನಿಲ್ಲಿಸಿ, ರಕ್ತ ನೋಡಿ, ಇನ್ನೂ ಬೇಕೋ ಬೇಡವೋ ಹೇಳುತ್ತಾರೆ.

ಮರೆಯದಿರಲು ಒಬ್ಬ ಅಜ್ಜಿ ಒಂದು ದಾರಿ ಕಂಡುಕೊಂಡಿದ್ದರು. ಮಾತ್ರೆ ಡಬ್ಬಿಯನ್ನು ದೇವರ ಮನೆಯಲ್ಲಿ, ಬೆಂಕಿಪೊಟ್ಟಣದ ಪಕ್ಕದಲ್ಲಿ ಇಟ್ಟಿದ್ದರು. ಬೆಳಿಗ್ಗೆ ಮೊದಲು ಮೊಮ್ಮಗಳಿಗೆ ಮಾತ್ರೆ, ಆಮೇಲೆ ದೇವರಿಗೆ ದೀಪ.

ನಮಸ್ಕಾರ.