ರಾಣಿ ಸುಮ್ಮನಾಗಿದ್ದು ತಾನಾಗಿ ಅಲ್ಲ

ನಮಸ್ಕಾರ. ಬ್ರಿಟನ್ನಿನ ರಾಜಮನೆತನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಮೆಚ್ಚುಗೆ ಕೇಳಿಬರುತ್ತೆ. ಅಲ್ಲಿ ರಾಜರು ರಾಜಕೀಯಕ್ಕೆ ಕೈ ಹಾಕಲ್ಲ, ಎಲ್ಲ ಪಾರ್ಲಿಮೆಂಟಿಗೆ ಬಿಟ್ಟಿದ್ದಾರೆ, ಎಂಥ ದೊಡ್ಡ ಮನಸ್ಸು ಅಂತ. ನಾನಿದನ್ನ ಒಪ್ಪಲ್ಲ. ಅದು ಅವರಾಗಿಯೇ ಬಿಟ್ಟುಕೊಟ್ಟಿದ್ದಲ್ಲ. ಬಿಡಿಸಿಕೊಂಡವರು ಗಣಿ ಕೆಲಸದವರು, ನೇಕಾರರು, ದರ್ಜಿಗಳು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ವಿಕ್ಟೋರಿಯಾ ಪಟ್ಟಕ್ಕೆ ಬಂದಿದ್ದು 1837ರ ಜೂನ್‌ನಲ್ಲಿ. 18 ತುಂಬಿ ತಿಂಗಳೂ ಆಗಿರಲಿಲ್ಲ. 1901ರ ಜನವರಿವರೆಗೆ, 63 ವರ್ಷಕ್ಕೂ ಹೆಚ್ಚು ಆಳಿದಳು. ಈ ಅವಧಿಯ ಒಂದೇ ಒಂದು ವರ್ಷವನ್ನ ಹತ್ತಿರದಿಂದ ನೋಡೋಣ. 1839.

ಆ ವರ್ಷ ಮೇ ತಿಂಗಳಲ್ಲಿ ಪ್ರಧಾನಿ ಮೆಲ್ಬರ್ನ್ ರಾಜೀನಾಮೆ ಕೊಟ್ಟ. ಸರ್ಕಾರ ರಚಿಸೋಕೆ ಬಂದ ರಾಬರ್ಟ್ ಪೀಲ್ ಒಂದು ವಿಷಯ ಕೇಳಿದ. ರಾಣಿಯ ಅಂತಃಪುರದಲ್ಲಿ ಇದ್ದವರಲ್ಲಿ ಹೆಚ್ಚಿನವರು ಮೆಲ್ಬರ್ನ್ ಪಕ್ಷದ ಮನೆತನಗಳ ಹೆಂಗಸರು, ಅವರಲ್ಲಿ ಕೆಲವರನ್ನಾದರೂ ಬದಲಾಯಿಸಿ ಅಂದ. ರಾಣಿ ಆಗಲ್ಲ ಅಂದಳು. ಪೀಲ್ ಹಿಂದೆ ಸರಿದ, ಮೆಲ್ಬರ್ನ್ ವಾಪಸ್ ಬಂದು ಇನ್ನೂ ಎರಡು ವರ್ಷ ಆಡಳಿತ ನಡೆಸಿದ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಗೆ ತನ್ನ ಗೆಳತಿಯರನ್ನ ಬಿಡೋಕೆ ಮನಸ್ಸಿರಲಿಲ್ಲ, ಅದಕ್ಕೇ ಇಡೀ ದೇಶಕ್ಕೆ ಹೊಸ ಸರ್ಕಾರ ಬರಲಿಲ್ಲ.

ಅದೇ ವರ್ಷ, ಜೂನ್‌ನಲ್ಲಿ, 12 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಒಂದು ಮನವಿ ಹೌಸ್ ಆಫ್ ಕಾಮನ್ಸ್ ಮುಂದೆ ಬಂತು. ಚಾರ್ಟಿಸ್ಟರು ಅಂತ ಅವರನ್ನ ಕರೀತಿದ್ರು. ಆಗ ಇಂಗ್ಲೆಂಡು, ವೇಲ್ಸ್‌ನಲ್ಲಿ ಓಟು ಇದ್ದಿದ್ದು ಸುಮಾರು ಐದು ಗಂಡಸರಲ್ಲಿ ಒಬ್ಬನಿಗೆ ಮಾತ್ರ. 21 ತುಂಬಿದ ಪ್ರತಿ ಗಂಡಸಿಗೂ ಓಟು ಕೊಡಿ, ಗುಟ್ಟಾಗಿ ಮತ ಹಾಕೋ ವ್ಯವಸ್ಥೆ ಮಾಡಿ, ಸಂಸದನಾಗೋಕೆ ಆಸ್ತಿ ಇರಬೇಕು ಅನ್ನೋ ನಿಯಮ ತೆಗೀರಿ, ಸಂಬಳ ಕೊಡಿ, ಬಡವನೂ ಪಾರ್ಲಿಮೆಂಟಿಗೆ ಬರಲಿ. ಇಷ್ಟರ ಜೊತೆಗೆ ಸಮಾನ ಕ್ಷೇತ್ರಗಳು, ವರ್ಷವರ್ಷ ಚುನಾವಣೆ. ಜುಲೈನಲ್ಲಿ, ಮನವಿಯನ್ನ ಪರಿಶೀಲಿಸೋಣ ಅನ್ನೋದರ ಪರ 46 ಮತ, ವಿರುದ್ಧ 235. ಪರಿಶೀಲಿಸೋಕೂ ಸದನ ಒಪ್ಪಲಿಲ್ಲ. ನವೆಂಬರ್‌ನಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಗಣಿ ಕಾರ್ಮಿಕರು ಸಾವಿರಗಟ್ಟಲೆ ಮೆರವಣಿಗೆ ಬಂದಾಗ ಸೈನಿಕರು ಗುಂಡು ಹಾರಿಸಿದ್ರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಊರಿನ ಮೇಯರ್‌ಗೆ ರಾಣಿ ಸರ್ ಪದವಿ ಕೊಟ್ಟಳು. ಹೋರಾಟದ ಮುಖಂಡ ಜಾನ್ ಫ್ರಾಸ್ಟ್‌ಗೆ ಮೊದಲು ಮರಣದಂಡನೆ, ಆಮೇಲೆ ಗಡಿಪಾರು.

ಒಂದೇ ವರ್ಷ. ಕೆಲವು ಹೆಂಗಸರ ವಿಷಯಕ್ಕೆ ಸರ್ಕಾರ ನಿಂತುಹೋಯ್ತು, 12 ಲಕ್ಷ ಜನರ ಮಾತಿಗೆ ಬಾಗಿಲು ಕೂಡ ತೆರೀಲಿಲ್ಲ.

1842ರಲ್ಲಿ ಮತ್ತೆ ಹೋದ್ರು. ಈ ಸಲ ಸಹಿಗಳು 33 ಲಕ್ಷ ದಾಟಿದ್ದವು. 49ಕ್ಕೆ 287, ಮತ್ತೆ ಸೋಲು. 1848ರ ಏಪ್ರಿಲ್ 10ಕ್ಕೆ ಲಂಡನ್ನಿನ ಕೆನಿಂಗ್ಟನ್ ಬಯಲಲ್ಲಿ ದೊಡ್ಡ ಸಭೆ ಕರೆದರು. ಎರಡು ದಿನ ಮೊದಲೇ ರಾಣಿ ಕುಟುಂಬಸಮೇತ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿಬಿಟ್ಟಿದ್ದಳು. ಆ ಸಭೆಯ ಫೋಟೋ ಇದೆ, ವಿಲಿಯಂ ಕಿಲ್‌ಬರ್ನ್ ತೆಗೆದಿದ್ದು. ಜನಸಮೂಹವನ್ನ ಹಿಡಿದ ಜಗತ್ತಿನ ತೀರಾ ಹಳೆಯ ಫೋಟೋಗಳಲ್ಲಿ ಅದೂ ಒಂದು. ಈಗ ಅದು ಇರೋದು ರಾಜಮನೆತನದ ಸಂಗ್ರಹದಲ್ಲೇ. ಆ ವರ್ಷದ ಲಂಡನ್ ಮುಖಂಡರಲ್ಲಿ ವಿಲಿಯಂ ಕಫೇ ಅಂತ ಒಬ್ಬ ದರ್ಜಿ ಇದ್ದ. ಅವನ ಅಪ್ಪ ಒಂದು ಕಾಲಕ್ಕೆ ಕೆರಿಬಿಯನ್ ದ್ವೀಪದಲ್ಲಿ ಗುಲಾಮನಾಗಿದ್ದವನು. ಅರವತ್ತನೇ ವಯಸ್ಸಿನಲ್ಲಿ ಕಫೇನ ಟಾಸ್ಮೇನಿಯಾಗೆ ಗಡಿಪಾರು ಮಾಡಿದ್ರು. ಕ್ಷಮಾದಾನ ಸಿಕ್ಕಿದ ಮೇಲೂ ಅವನು ವಾಪಸ್ ಬರಲಿಲ್ಲ, ಅಲ್ಲೇ ಸಂಘಟನೆ ಮಾಡ್ತಾ ಇದ್ದು, 1870ರಲ್ಲಿ ಅಲ್ಲೇ ತೀರಿಕೊಂಡ. ನನ್ನ ಲೆಕ್ಕದಲ್ಲಿ ಆ ಯುಗಕ್ಕೆ ಯಾರದಾದರೂ ಹೆಸರಿಡಬೇಕು ಅಂದ್ರೆ ಈತನದು ಇಡಬೇಕು.

ಸೋತರು ನಿಜ. ಆದರೆ ಅವರ ಬೇಡಿಕೆ ಸಾಯಲಿಲ್ಲ. 1867ರಲ್ಲಿ ಊರುಗಳ ಕಾರ್ಮಿಕರಿಗೆ ಓಟು ಬಂತು, 1872ರಲ್ಲಿ ಗುಪ್ತ ಮತದಾನ, 1884ರಲ್ಲಿ ಹಳ್ಳಿಯ ಕೂಲಿಗಳಿಗೂ ಓಟು. ಹೆಂಗಸರನ್ನ ಮಾತ್ರ ಹೊರಗೇ ಇಟ್ಟರು. ಹೆಣ್ಣೊಬ್ಬಳು ಸಿಂಹಾಸನದಲ್ಲಿ ಕೂತಿದ್ದ ಕಾಲ ಅದು. ಆದರೆ ಆ ಹೆಣ್ಣೇ ಮಹಿಳೆಯರ ಹಕ್ಕು ಅನ್ನೋದನ್ನ ಹುಚ್ಚುತನ, ಕೇಡು ಅಂತ 1870ರಲ್ಲಿ ಬರೆದಳು. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಈಗ 1880ಕ್ಕೆ ಬನ್ನಿ. ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ ಪಕ್ಷ ಗೆದ್ದಿತು. ಆತನನ್ನ ಕಂಡ್ರೆ ರಾಣಿಗೆ ಆಗ್ತಿರಲಿಲ್ಲ. ಆತನನ್ನ ಕರೆಯೋ ಬದಲು ಪಟ್ಟವನ್ನೇ ಬಿಡ್ತೀನಿ ಅಂತ ತನ್ನ ಕಾರ್ಯದರ್ಶಿಗೆ ಬರೆದಿದ್ದಳು. ಮೊದಲು ಅದೇ ಪಕ್ಷದ ಇನ್ನೊಬ್ಬ ಮುಖಂಡ ಹಾರ್ಟಿಂಗ್ಟನ್‌ನನ್ನ ಕರೆದಳು, ಆಮೇಲೆ ಗ್ರಾನ್ವಿಲ್‌ನನ್ನ. ಗ್ಲಾಡ್‌ಸ್ಟನ್ ಬಿಟ್ಟು ಬೇರೆ ದಾರಿ ಇಲ್ಲ ಅನ್ನೋದೇ ಅವರ ಉತ್ತರವೂ ಆಗಿತ್ತು. ಕೊನೆಗೆ ಆತನನ್ನೇ ಕರೆಯಬೇಕಾಯ್ತು. ಅದೇ ರಾಣಿ, ಅದೇ ಹಠ. 1839ರಲ್ಲಿ ನಡೆದಿದ್ದು 1880ರಲ್ಲಿ ಯಾಕೆ ನಡೀಲಿಲ್ಲ? ನಡುವೆ ಲಕ್ಷಾಂತರ ಹೊಸ ಮತದಾರರು ಬಂದಿದ್ರು, ಅವರನ್ನ ಸಂಘಟಿಸೋ ಪಕ್ಷಗಳು ಬೆಳೆದಿದ್ದವು. ರಾಜಕೀಯಕ್ಕೆ ಕೈ ಹಾಕದ ರಾಜಮನೆತನ ಅಂತ ನಾವು ಹೊಗಳ್ತೀವಲ್ಲ, ಅದು ಹೀಗೆ ಹುಟ್ಟಿದ್ದು.

ಮತದಾರರೇ ಇಲ್ಲದ ಕಡೆ ಏನಾಯ್ತು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನ ಭಾರತದ ಚಕ್ರವರ್ತಿನಿ ಅಂತ ಘೋಷಿಸಿದ. ಆಗ ಮೈಸೂರು ಸೀಮೆಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರನ್ನ ಆಗ ನೇರವಾಗಿ ಆಳ್ತಿದ್ದವರು ಬ್ರಿಟಿಷ್ ಕಮಿಷನರುಗಳೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನ 1881ರಲ್ಲಿ ಸುಮಾರು 42 ಲಕ್ಷ. ಲಂಡನ್ನಿನ ಯಾವ ಸಂಸದನಿಗೂ ಇದರಿಂದ ಒಂದು ಓಟಿನ ನಷ್ಟವೂ ಆಗಲಿಲ್ಲ.

ಆದರೆ ಆ ಚಾರ್ಟಿಸ್ಟರ ಹೋರಾಟದ ಫಲ ಒಮ್ಮೆ ನಮ್ಮ ಕಡೆಗೂ ಬಂತು. 1892ರಲ್ಲಿ ಕುಶಲಕರ್ಮಿಗಳು, ಕಾರ್ಮಿಕರು ಹೆಚ್ಚಿದ್ದ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ದಾದಾಭಾಯಿ ನವರೋಜಿ ಚುನಾವಣೆಗೆ ನಿಂತರು. ಅದಕ್ಕೂ ನಾಲ್ಕು ವರ್ಷ ಮೊದಲು ಪ್ರಧಾನಿ ಸಾಲಿಸ್‌ಬರಿ ಅವರನ್ನ ಕರಿಯ ಅಂತ ಬಹಿರಂಗ ಸಭೆಯಲ್ಲೇ ಹೀಯಾಳಿಸಿದ್ದ. ಫಿನ್ಸ್‌ಬರಿಯ ಮತದಾರರು ಗುಪ್ತ ಮತಪೆಟ್ಟಿಗೆಗೆ ಓಟು ಹಾಕಿದ್ರು, ನವರೋಜಿ 5 ಓಟುಗಳಿಂದ ಗೆದ್ದರು. ಭಾರತದ ಬಡತನಕ್ಕೆ ಬ್ರಿಟಿಷ್ ಆಡಳಿತವೇ ಕಾರಣ ಅಂತ ವರ್ಷಗಟ್ಟಲೆ ಅಂಕಿಅಂಶ ಹಿಡಿದು ವಾದಿಸ್ತಾ ಬಂದಿದ್ದ ಮನುಷ್ಯ ಆ ಸದನದೊಳಗೇ ಎದ್ದು ನಿಂತು ಮಾತಾಡಿದ್ರು.